ಪಾಯದ ಕೆಳಗಿನ ನೆಲ ಮತ್ತು ಗುತ್ತಿಗೆಯ ಕರಾರು

ವಿದ್ಯಾಸಂಸ್ಥೆಯೊಂದು ಬೆಳೆಯಿತೆಂಬುದಕ್ಕೆ ಜನರು ಕಣ್ಣಾರೆ ಕಾಣುವ ಸಾಕ್ಷಿಯೆಂದರೆ ಅದರ ಕಟ್ಟಡ. ಒಂದೇ ಕೊಠಡಿಯಲ್ಲಿ ಆರಂಭವಾದ ಶಾಲೆ ಹತ್ತು ಕೊಠಡಿಗಳಾಗುವುದು, ಗ್ರಂಥಾಲಯ, ಪ್ರಯೋಗಶಾಲೆ, ಪ್ರಸಾದನಿಲಯಗಳು ಒಂದರ ಮಗ್ಗುಲಲ್ಲಿ ಒಂದು ಏಳುವುದು, ದಾನಿಗಳ ಹೆಸರು ಹೊತ್ತ ಶಿಲಾಫಲಕಗಳು ಗೋಡೆಯಲ್ಲಿ ಕೂಡುವುದು, ಇವೆಲ್ಲ ನೋಡುವವರ ಮನಸ್ಸಿಗೆ ಸಂತೋಷ ತರುವ ಸಂಗತಿಗಳು. ಆದರೆ ಆ ಕಟ್ಟಡವು ಯಾವುದರ ಮೇಲೆ ನಿಂತಿದೆಯೋ ಆ ನೆಲವನ್ನು ಯಾರೂ ಕಾಣರು. ಪಾಯ ತೋಡಿದ ನಾಲ್ಕು ದಿನ ಅದು ಕಣ್ಣಿಗೆ ಬೀಳುತ್ತದೆ. ಕಲ್ಲು ತುಂಬಿದೊಡನೆ ಮತ್ತೆ ಮರೆಯಾಗುತ್ತದೆ.

ಆ ನಾಲ್ಕು ದಿನಗಳಲ್ಲಿ ಕಂಡದ್ದು ಎಣಿಸಿದಂತೆಯೇ ಇದ್ದರೆ ಚಿಂತೆಯಿಲ್ಲ. ಐದು ಅಡಿಗೆ ಗರಸು ಸಿಕ್ಕೀತೆಂದು ಅಂದಾಜು ಮಾಡಿದಲ್ಲಿ ಒಂಬತ್ತು ಅಡಿಯಾದರೂ ಎರೆ ಮುಗಿಯದಿದ್ದರೆ, ಇಲ್ಲವೆ ಮೂರು ಅಡಿಗೇ ಹಾರೆಗೆ ಜಗ್ಗದ ಕರಿಗಲ್ಲು ಅಡ್ಡ ಬಂದರೆ, ಅಥವಾ ಯಾವ ಕಾಲದಲ್ಲೋ ಮುಚ್ಚಿಹೋದ ಹಗೇವೊಂದು ಬಾಯಿ ತೆರೆದರೆ, ಆಗ ಏರುವ ವೆಚ್ಚವನ್ನು ಹೊರಬೇಕಾದವರು ಯಾರು? ಗುತ್ತಿಗೆ ಹಿಡಿದವನೋ, ಗುತ್ತಿಗೆ ಕೊಟ್ಟ ಸಂಸ್ಥೆಯೋ? ಈ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಡದ ಕಾರಣದಿಂದ ಎಷ್ಟೋ ಕಟ್ಟಡಗಳು ಪೀಠದ ಮಟ್ಟದಲ್ಲಿಯೇ ವರ್ಷಗಟ್ಟಲೆ ನಿಲ್ಲುವುದುಂಟು. ದಾನಿಗಳ ಹಣವನ್ನು ನಿರ್ವಹಿಸುವ ಕಟ್ಟಡ ಸಮಿತಿಗಳು ಈ ವಿಷಯವನ್ನು ಇಂಜಿನಿಯರರಿಗೂ ವಕೀಲರಿಗೂ ಬಿಟ್ಟು ಸುಮ್ಮನಿರುವಂತಿಲ್ಲ. ಆದ್ದರಿಂದ ಇದನ್ನು ಸಾಮಾನ್ಯ ವಾಚಕರಿಗೆ ತಿಳಿಯುವ ಹಾಗೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲಾವಣಿಯೂ ಪಾಲೂ

ಗುತ್ತಿಗೆಯೆಂಬುದು ಕನ್ನಡದಲ್ಲಿ ಹಳೆಯ ಮಾತು. ಭೂಮಿಯನ್ನಾಗಲಿ ತೆರಿಗೆಯ ವಸೂಲಿಯನ್ನಾಗಲಿ ಗೊತ್ತುಪಡಿಸಿದ ಮೊತ್ತಕ್ಕೆ ಒಬ್ಬರಿಗೆ ಒಪ್ಪಿಸಿಕೊಡುವುದೇ ಅದರ ಮೂಲ ಅಭಿಪ್ರಾಯ. ಮೊತ್ತ ನಿಶ್ಚಿತ, ಲಾಭ ನಷ್ಟಗಳು ಹಿಡಿದವನ ಪಾಲಿನವು. ಈ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹೊಲವನ್ನು ಲಾವಣಿಗೆ ಹಿಡಿದವನು ಮಳೆ ಬರಲಿ ಬಿಡಲಿ ಒಪ್ಪಿದ ಹಣವನ್ನು ಎಣಿಸಿಕೊಡಬೇಕು. ಪಾಲಿಗೆ ಮಾಡಿದವನಾದರೋ ಬೆಳೆದುದರಲ್ಲಿ ಹಂಚಿಕೊಳ್ಳುತ್ತಾನೆ. ಬರಗಾಲದ ನಷ್ಟ ಒಡೆಯನಿಗೂ ತಟ್ಟುತ್ತದೆ.

ಕಟ್ಟಡದ ಗುತ್ತಿಗೆಗಳಲ್ಲಿಯೂ ಇವೇ ಎರಡು ಬಗೆಗಳುಂಟು. ಇಡೀ ಕಟ್ಟಡಕ್ಕೆ ಇಷ್ಟು ಲಕ್ಷವೆಂದು ಗೊತ್ತುಮಾಡುವುದು ಇಡಿಮೊತ್ತದ ಗುತ್ತಿಗೆ. ಇದು ಲಾವಣಿಯನ್ನು ಹೋಲುತ್ತದೆ. ಅಗೆತಕ್ಕೆ ಘನಮೀಟರಿಗೆ ಇಷ್ಟು, ಕಲ್ಲುಕಟ್ಟಡಕ್ಕೆ ಇಷ್ಟು, ಕಾಂಕ್ರೀಟಿಗೆ ಇಷ್ಟು ಎಂದು ಬಾಬುವಾರು ದರ ಗೊತ್ತುಮಾಡಿ, ಮಾಡಿದ ಕೆಲಸವನ್ನು ಅಳೆದು ಹಣ ಕೊಡುವುದು ಎರಡನೆಯ ಬಗೆ. ಇದರಲ್ಲಿ ದರದ ಹೊಣೆ ಗುತ್ತಿಗೆದಾರನದು, ಪರಿಮಾಣದ ಹೊಣೆ ಕಟ್ಟಿಸುವವರದು. ಎಲ್ಲ ವಿವಾದಗಳ ಬೇರು ಇಲ್ಲಿಯೇ ಇದೆ. ಕಟ್ಟಿಸುವವರು ಮನಸ್ಸಿನಲ್ಲಿ ಲಾವಣಿಯೆಂದು ತಿಳಿದಿರುತ್ತಾರೆ. ಗುತ್ತಿಗೆದಾರನು ಪಾಲೆಂದು ತಿಳಿದಿರುತ್ತಾನೆ. ಕಾಗದದ ಮೇಲೆ ಎರಡೂ ಸ್ಪಷ್ಟವಾಗಿರುವುದಿಲ್ಲ.

ಈ ಭಾಗದ ನೆಲದ ಗುಣ

ವಿಜಯಪುರ ನಗರ, ಅದರ ಪಶ್ಚಿಮಕ್ಕೆ ಅಥಣಿಯ ದಾರಿಯಲ್ಲಿರುವ ತಿಕೋಟಾ, ನೈರುತ್ಯಕ್ಕಿರುವ ಬಬಲೇಶ್ವರ, ಈ ಮೂರೂ ದಖ್ಖನ್ನಿನ ಲಾವಾ ಶಿಲೆಯ ಮೇಲೆ ಕುಳಿತ ಊರುಗಳು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಶಿಲಾರಸವು ಮೇಲಿಂದ ಮೇಲೆ ಹರಿದು, ಆರಿ, ಪದರಪದರವಾಗಿ ನಿಂತಿತು. ಒಂದು ಪ್ರವಾಹಕ್ಕೂ ಮತ್ತೊಂದಕ್ಕೂ ನಡುವೆ ಕಾಲ ಕಳೆದಾಗ ಮೇಲ್ಮೈ ಸವೆದು ಕೆಂಪು ಜೇಡಿಯಾಯಿತು. ಆದಕಾರಣ ಇಲ್ಲಿ ಗಟ್ಟಿಗಲ್ಲು ಸಿಕ್ಕಿತೆಂದ ಮಾತ್ರಕ್ಕೆ ಅದರ ಕೆಳಗೂ ಗಟ್ಟಿಯೇ ಇದೆಯೆಂದು ಹೇಳಲಾಗದು. ಕಲ್ಲಿನ ಕೆಳಗೆ ಗುಳಿಗುಳಿಯಾದ ಮೆದುಗಲ್ಲು, ಅದರ ಕೆಳಗೆ ಕೆಂಪು ಜೇಡಿ, ಮತ್ತೆ ಕಲ್ಲು, ಹೀಗೆ ಬರುವುದುಂಟು. ತೆರೆದ ಬಾವಿಯ ಗೋಡೆಯನ್ನು ಇಣಿಕಿ ನೋಡಿದವರಿಗೆ ಈ ಪದರಗಳು ಪುಸ್ತಕದ ಹಾಳೆಗಳಂತೆ ಕಾಣುತ್ತವೆ.

ಈ ಶಿಲೆ ಸವೆಯುವಾಗ ಎಲ್ಲೆಡೆ ಸಮನಾಗಿ ಸವೆಯುವುದಿಲ್ಲ. ಬಿರುಕುಗಳ ಗುಂಟ ನೀರಿಳಿದು ಅಂಚುಗಳು ಗರಸಾದರೆ, ನಡುವಣ ಭಾಗ ಗುಂಡುಗಲ್ಲಾಗಿ ಉಳಿಯುತ್ತದೆ. ಪರೀಕ್ಷೆಗೆಂದು ತೋಡಿದ ಒಂದು ಕುಣಿ ಸರಿಯಾಗಿ ಗುಂಡುಗಲ್ಲಿನ ನೆತ್ತಿಗೇ ತಗುಲಿದರೆ, ಬಂಡೆ ಸಿಕ್ಕಿತೆಂದು ಭ್ರಮಿಸುವುದು ಸುಲಭ. ನಾಲ್ಕು ಮೊಳ ಆಚೆ ಗರಸೂ ಇಲ್ಲದೆ ಬರಿಯ ಮಣ್ಣೇ ಇರಬಹುದು.

ಡೋಣಿಯ ಕಣಿವೆಯದು ಬೇರೊಂದು ಬಗೆ. ಮಹಾರಾಷ್ಟ್ರದ ಜತ್ತದ ಕಡೆಯಿಂದ ಬಂದು ಈ ಜಿಲ್ಲೆಯಲ್ಲಿ ಹರಿದು ತಾಳಿಕೋಟೆಯ ಕಡೆಗೆ ಸಾಗಿ ಕೃಷ್ಣೆಯನ್ನು ಸೇರುವ ಈ ಹೊಳೆಯ ಇಕ್ಕೆಲಗಳಲ್ಲಿ ಆಳವಾದ ಎರೆಭೂಮಿಯುಂಟು. ಬಿಳಿಜೋಳಕ್ಕೆ ತಾಯಿಯಾದ ಈ ಮಣ್ಣು ಕಟ್ಟಡಕ್ಕೆ ಮಲತಾಯಿ. ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ಇದರಲ್ಲಿ ಹೇರಳವಾಗಿರುವುದರಿಂದ ನೀರುಂಡಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುವ, ಬೇಸಗೆಯಲ್ಲಿ ಕಾದು ಕೆಂಡವಾಗುವ ಈ ಸೀಮೆಯಲ್ಲಿ ಉಬ್ಬು ತಗ್ಗುಗಳೆರಡೂ ಪ್ರತಿವರ್ಷದ ಕಥೆ. ಅದರ ಮೇಲೆ ಆಳವಿಲ್ಲದ ಪಾಯ ಹಾಕಿದ ಮನೆಯ ಕಿಟಕಿಗಳ ಮೂಲೆಯಿಂದ ಓರೆಯಾಗಿ ಏಳುವ ಬಿರುಕುಗಳನ್ನು ಕಾಣದವರು ಈ ಭಾಗದಲ್ಲಿ ವಿರಳ.

ಇದಕ್ಕೆ ವ್ಯತಿರಿಕ್ತವಾಗಿ ಮಡ್ಡಿಯ ಹೊಲಗಳಲ್ಲಿ ಮಣ್ಣಿನ ಹೊದಿಕೆ ತೆಳ್ಳಗೆ. ಒಂದೆರಡು ಅಡಿಯಲ್ಲಿಯೇ ಗರಸು ತೋರುತ್ತದೆ. ಅಲ್ಲಿ ಪಾಯಕ್ಕೆ ಭಯ ಕಡಿಮೆ, ಅಗೆಯುವ ಕಷ್ಟ ಹೆಚ್ಚು. ಒಂದೇ ಊರಿನ ಶಾಲೆಯ ಆವರಣದಲ್ಲಿ ಒಂದು ತುದಿ ಮಡ್ಡಿಯ ಅಂಚಿನಲ್ಲಿಯೂ ಮತ್ತೊಂದು ತುದಿ ಹಳ್ಳದ ಎರೆಯಲ್ಲಿಯೂ ಇರುವುದು ಅಸಂಭವವಲ್ಲ. ಅಂತಹಲ್ಲಿ ಒಂದೇ ಆಳದ ಪಾಯವನ್ನು ನಕ್ಷೆಯಲ್ಲಿ ಬರೆದರೆ ಅರ್ಧ ಕಟ್ಟಡ ನಿಲ್ಲುವುದು, ಅರ್ಧ ಕಟ್ಟಡ ಕುಸಿಯುವುದು.

ಇವು ಪ್ರಕೃತಿಯ ಕೃತಿಗಳಾದರೆ ಮನುಷ್ಯನ ಕೃತಿಗಳು ಬೇರೆಯೇ ಇವೆ. ಹಳೆಯ ಊರೊಳಗೆ ಜೋಳ ತುಂಬಿಡುತ್ತಿದ್ದ ಹಗೇವುಗಳು ಓಣಿಯ ಕೆಳಗೂ ವಾಡೆಗಳ ಅಂಗಳದಲ್ಲೂ ಇದ್ದವು; ಅನೇಕವು ಬಾಯಿ ಮುಚ್ಚಿಕೊಂಡು ಮರೆತುಹೋಗಿವೆ. ಅವುಗಳನ್ನು ತೆರೆದೊಡನೆ ಒಳಗಿಳಿದರೆ ಕೆಟ್ಟ ಗಾಳಿಯಿಂದ ಪ್ರಾಣಕ್ಕೇ ಅಪಾಯ. ವಿಜಯಪುರ ನಗರದಲ್ಲಂತೂ ಆದಿಲಶಾಹಿ ಕಾಲದ ಬಾವಡಿಗಳು, ತೊರವಿಯ ಕಡೆಯಿಂದಲೂ ಬೇಗಂ ತಲಾಬದಿಂದಲೂ ಊರಿಗೆ ನೀರು ತರುತ್ತಿದ್ದ ನೆಲದಡಿಯ ನಾಲೆ ಕೊಳವೆಗಳು, ಬಿದ್ದ ಕಟ್ಟಡಗಳ ಅಡಿಪಾಯಗಳು, ಶತಮಾನಗಳಿಂದ ಸುರಿದ ಮಣ್ಣು, ಎಲ್ಲವೂ ಕಾಲ ಕೆಳಗೆ ಪದರವಾಗಿ ಮಲಗಿವೆ. ಮೇಲಾಗಿ, ರಕ್ಷಿತ ಸ್ಮಾರಕದಿಂದ 100 ಮೀಟರಿನವರೆಗೆ ನಿರ್ಮಾಣಕ್ಕೆ ನಿಷೇಧವೂ ಅದರಾಚೆ ಮತ್ತೆ 200 ಮೀಟರು ನಿಯಂತ್ರಣವೂ 2010ರ ಕಾನೂನು ತಿದ್ದುಪಡಿಯಿಂದ ಜಾರಿಯಲ್ಲಿವೆ. ನೆಲದಲ್ಲಿ ನಿಧಿ ಸಿಕ್ಕರೆ ಅಧಿಕಾರಿಗಳಿಗೆ ತಿಳಿಸುವುದೂ ಕಡ್ಡಾಯ. ಅಂಥ ಸಂದರ್ಭದಲ್ಲಿ ಕೆಲಸ ನಿಂತ ದಿನಗಳ ನಷ್ಟ ಯಾರದೆಂಬುದೂ ಕರಾರಿನ ಪ್ರಶ್ನೆಯೇ ಆಗುತ್ತದೆ.

ಇನ್ನೊಂದು ಹೊಸ ಸಂಗತಿಯನ್ನೂ ಗಮನಿಸಬೇಕು. ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಒಣನೆಲಕ್ಕೆ ಬಂದಿದೆ, ಕೆರೆಗಳು ತುಂಬಿವೆ. ಇದು ಸೌಭಾಗ್ಯವೇ ಸರಿ. ಆದರೆ ಕಾಲುವೆ ಕೆರೆಗಳ ಬದಿಯಲ್ಲಿ ನೆಲದ ತೇವವೂ ಅಂತರ್ಜಲದ ಮಟ್ಟವೂ ಬದಲಾಗುವುದು ಸಹಜ. ನೀರು ಬರುವ ಮೊದಲು ಮಾಡಿಸಿದ ಮಣ್ಣಿನ ಪರೀಕ್ಷೆಯನ್ನು ಇಂದಿನ ಕಟ್ಟಡಕ್ಕೆ ಆಧಾರವಾಗಿ ಹಿಡಿಯುವುದು ಹಳೆಯ ಪಂಚಾಂಗ ನೋಡಿ ಮುಹೂರ್ತವಿಟ್ಟಂತೆ.

ಹಿರಿಯರ ಭೂಪರೀಕ್ಷೆ

ಕಟ್ಟುವ ಮೊದಲು ನೆಲವನ್ನು ಕೇಳಿ ತಿಳಿಯಬೇಕೆಂಬುದು ಹೊಸ ವಿಚಾರವೇನಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುಪ್ರಕರಣದಲ್ಲಿ ಹೇಳಿದ ಪರೀಕ್ಷೆ ಸುಪ್ರಸಿದ್ಧವಾದುದು. ಒಂದು ಮೊಳದ ಕುಣಿಯನ್ನು ತೋಡಿ ಅದೇ ಮಣ್ಣಿನಿಂದ ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಬಂದರೆ ಅಧಮ. ಕುಣಿಯಲ್ಲಿ ನೀರು ತುಂಬಿ ನೂರು ಹೆಜ್ಜೆ ನಡೆದು ಬಂದು ನೀರು ಇಂಗಿದ ಪ್ರಮಾಣವನ್ನು ನೋಡುವುದು ಇನ್ನೊಂದು ವಿಧಾನ. ಮೊದಲನೆಯದು ಮಣ್ಣಿನ ಸಾಂದ್ರತೆಯನ್ನೂ ಎರಡನೆಯದು ಅದು ನೀರನ್ನು ಹೀರುವ ಬಗೆಯನ್ನೂ ತಿಳಿಸುವ ಉಪಾಯಗಳೆಂಬುದನ್ನು ಇಂದಿನ ಇಂಜಿನಿಯರರೂ ಒಪ್ಪುತ್ತಾರೆ.

ವಾಸ್ತುಗ್ರಂಥಗಳಲ್ಲಿ ಶಲ್ಯೋದ್ಧಾರವೆಂಬ ವಿಧಿಯೂ ಉಂಟು. ಎಲುಬು, ಇದ್ದಲು, ಹೊಟ್ಟು, ಒಡಕುಮಡಕೆ ಮೊದಲಾದವು ನೆಲದಲ್ಲಿ ಹುದುಗಿದ್ದರೆ ಅವು ಶಲ್ಯಗಳು. ಅವನ್ನು ತೆಗೆದುಹಾಕದೆ ಕಟ್ಟಬಾರದು. ಇದರಲ್ಲಿ ಶುಭಾಶುಭದ ನಂಬಿಕೆ ಬೆರೆತಿದೆಯಾದರೂ, ಇಂಥ ವಸ್ತುಗಳು ಸಿಗುವ ನೆಲವು ಹಿಂದೊಮ್ಮೆ ಅಗೆದು ತುಂಬಿದ ನೆಲವೆಂಬ ಲೌಕಿಕ ಸತ್ಯವೂ ಅಡಗಿದೆ. ತುಂಬಿದ ನೆಲ ಕುಸಿಯುವ ನೆಲ.

ಇದರ ಫಲವನ್ನು ಕಣ್ಣಾರೆ ಕಾಣಬೇಕಾದರೆ ಗೋಳಗುಮ್ಮಟಕ್ಕೆ ಹೋಗಬೇಕು. 1656ರಲ್ಲಿ ತೀರಿಕೊಂಡ ಮುಹಮ್ಮದ ಆದಿಲಶಾಹನ ಈ ಗೋರಿಯ ಒಳಹರವು 18,000 ಚದರಡಿಗೂ ಮಿಗಿಲು. ನಡುವೆ ಒಂದು ಕಂಬವಿಲ್ಲ. ಅಷ್ಟು ಭಾರದ ಗುಮ್ಮಟವು ಮೂರೂವರೆ ಶತಮಾನಗಳಾಚೆಗೂ ನಿಂತಿರುವುದಕ್ಕೆ ಕಮಾನುಗಳ ಜಾಣ್ಮೆಯ ಜೊತೆಗೆ ಅದರ ಪಾಯವು ಬಂಡೆಯ ಮೇಲೆ ಕುಳಿತಿರುವುದೂ ಕಾರಣ. ಒಂದು ಮೂಲೆ ನಾಲ್ಕು ಅಂಗುಲ ಕುಸಿದಿದ್ದರೂ ಗುಮ್ಮಟ ಬಿರಿಯುತ್ತಿತ್ತು.

ಲೆಕ್ಕ ತಪ್ಪುವ ಬಗೆ

ನೆಲ ಬೇರೆಯಾದಾಗ ವೆಚ್ಚ ಹೇಗೆ ಏರುತ್ತದೆಂಬುದನ್ನು ತಿಳಿಯಲು ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳಬಹುದು. ಗೋಡೆಗಳ ಒಟ್ಟು ಉದ್ದ 60 ಮೀಟರು, ಪಾಯದ ಅಗಲ 1 ಮೀಟರು, ಅಂದಾಜಿನ ಆಳ 1.5 ಮೀಟರು ಎಂದಾದರೆ ಅಗೆತ 90 ಘನಮೀಟರು. ಗರಸು ಸಿಕ್ಕಿದ್ದು 2.7 ಮೀಟರಿಗೆ ಎಂದಾದರೆ ಅಗೆತ 162 ಘನಮೀಟರು. ಹೆಚ್ಚಿದ್ದು 72 ಘನಮೀಟರು, ಅಂದರೆ ಶೇಕಡಾ 80. ಇಷ್ಟಕ್ಕೇ ಮುಗಿಯಲಿಲ್ಲ. ಅಗೆದ ಮಣ್ಣನ್ನು ಸಾಗಿಸಬೇಕು. ಆಳ ಹೆಚ್ಚಿದ್ದರಿಂದ ಬದಿ ಕುಸಿಯದಂತೆ ಆನಿಸಬೇಕು. ಕೊನೆಗೆ ಆ 72 ಘನಮೀಟರನ್ನು ಕಲ್ಲು ಸಿಮೆಂಟುಗಳಿಂದ ತುಂಬಬೇಕು. ಅಗೆಯುವುದಕ್ಕಿಂತ ತುಂಬುವುದೇ ಹಲವು ಪಟ್ಟು ದುಬಾರಿ. ಕಟ್ಟಡ ಮಾತ್ರ ಒಂದು ಅಂಗುಲವೂ ಮೇಲೇಳುವುದಿಲ್ಲ. ದಾನಿಗಳು ನೋಡಲು ಬಂದರೆ ತೋರಿಸುವುದಕ್ಕೆ ಏನೂ ಇರುವುದಿಲ್ಲ.

ಎರೆಭೂಮಿಗೆ ಬೇರೆ ಪರಿಹಾರಗಳೂ ಉಂಟು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬಳಕೆಗೆ ತಂದ, ತುದಿಯಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟು ಕಂಬಗಳ ಪಾಯವು ಮಳೆ ಬಿಸಿಲುಗಳಿಂದ ಮಣ್ಣು ಅಲುಗುವ ಆಳವನ್ನು ದಾಟಿ ಕೆಳಗೆ ಬೇರೂರಿ ನಿಲ್ಲುತ್ತದೆ. ಮುಂಬಯಿ ಐ.ಐ.ಟಿ.ಯ ಪ್ರೊ. ಆರ್. ಕೆ. ಕಟ್ಟಿಯವರು ಎರೆಯ ಮೇಲೆ ಉಬ್ಬದ ಅಂಟುಮಣ್ಣಿನ ಹಾಸನ್ನು ದಮ್ಮಸು ಮಾಡಿದರೆ ಉಬ್ಬುವಿಕೆ ಹತೋಟಿಗೆ ಬರುವುದೆಂದು ತೋರಿಸಿದರು. ಕಾಲುವೆಗಳ ಒಳಮೈಗೆ ಈ ವಿಧಾನವನ್ನು ಭಾರತೀಯ ಮಾನಕ ಸಂಸ್ಥೆಯೂ ತನ್ನ ಮಾರ್ಗಸೂಚಿಯಲ್ಲಿ ಸೇರಿಸಿದೆ. ಆದರೆ ಇವೆಲ್ಲ ಮೊದಲೇ ತಿಳಿದು ನಕ್ಷೆಯಲ್ಲಿ ಬರೆದಾಗ ಮಿತವ್ಯಯದ ಉಪಾಯಗಳು. ಅರ್ಧ ಪಾಯ ತುಂಬಿದ ಮೇಲೆ ನೆನಪಾದರೆ ದಂಡವೇ ಸರಿ.

ದೊಡ್ಡ ಕಾಮಗಾರಿಗಳೂ ಇದಕ್ಕೆ ಹೊರತಲ್ಲ. ಕೊಂಕಣ ರೈಲುಮಾರ್ಗವು 1998ರ ಜನವರಿಯಲ್ಲಿ ಸಂಪೂರ್ಣವಾಗಿ ತೆರೆಯುವ ಮೊದಲು ಗೋವೆಯ ಪೆರ್ನೆಮ್ ಸುರಂಗದ ಹಸಿಜೇಡಿಯು ಮತ್ತೆ ಮತ್ತೆ ಕುಸಿದು ಕಾಯಿಸಿತು. ಬೆಂಗಳೂರು ಮೆಟ್ರೊ ಸುರಂಗದಲ್ಲಿ ಗಟ್ಟಿಶಿಲೆಯೂ ಮೆದುಮಣ್ಣೂ ಒಟ್ಟಿಗೆ ಎದುರಾಗಿ ಕೊರೆಯುವ ಯಂತ್ರಗಳು ತಡವರಿಸಿದವು. ಮಹಾಯಂತ್ರಗಳೇ ಹೀಗಾದರೆ ಊರ ಶಾಲೆಯ ಪಾಯಕ್ಕೆ ಅಚ್ಚರಿ ಬಾರದೆಂದು ನಂಬುವುದು ಹೇಗೆ?

ಕಾನೂನು ಹೇಳುವುದೇನು

ಕರಾರಿನಲ್ಲಿ ಏನೂ ಬರೆಯದಿದ್ದರೆ ಕಾನೂನು ಕೈಹಿಡಿಯುವುದೇ? ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ಸೇತುವೆಯ ಗುತ್ತಿಗೆದಾರನು, ಕೊಟ್ಟ ನಕ್ಷೆಯಂತೆ ನೀರಿನಲ್ಲಿ ಪಾಯದ ಪೆಟ್ಟಿಗೆಗಳನ್ನಿಳಿಸಿ, ಅವು ನಿಷ್ಪ್ರಯೋಜಕವಾದಾಗ ಹೆಚ್ಚಿನ ಹಣ ಕೇಳಿದನು. ನಕ್ಷೆಯಂತೆ ಕಟ್ಟಲು ಸಾಧ್ಯವೆಂದು ನಗರದವರು ಭರವಸೆಯನ್ನೇನೂ ಕೊಟ್ಟಿರಲಿಲ್ಲವೆಂದು 1876ರಲ್ಲಿ ತೀರ್ಪಾಯಿತು. ಯಾರ್ಕ್ ನಗರದ ಚರಂಡಿ ಕೆಲಸದಲ್ಲಿ ನೆಲ ಮೆದುವಾಗಿ ಬಂದು ಕೆಲಸ ಬಿಟ್ಟ ಗುತ್ತಿಗೆದಾರನೂ 1892ರಲ್ಲಿ ಸೋತನು.

ಭಾರತದ 1872ರ ಕರಾರು ಕಾಯ್ದೆಯ 56ನೆಯ ಕಲಮು ಅಸಾಧ್ಯವಾದ ಕಾರ್ಯದ ಕರಾರನ್ನು ಬಿಡಿಸುತ್ತದೆ. ಅಸಾಧ್ಯವೆಂಬ ಮಾತನ್ನು ಅಕ್ಷರಶಃ ಹಿಡಿಯದೆ, ಕರಾರಿನ ಬುಡವೇ ಅಲುಗಿ ಹೋದರೂ ಸಾಕೆಂದು ಸುಪ್ರೀಂ ಕೋರ್ಟು ಸತ್ಯವ್ರತ ಘೋಷ್ ಪ್ರಕರಣದಲ್ಲಿ 1954ರಲ್ಲಿ ವಿವರಿಸಿತು. ಆದರೆ ಕೆಲಸ ದುಬಾರಿಯಾಯಿತೆಂಬ ಮಾತ್ರಕ್ಕೆ ಬಿಡುಗಡೆಯಿಲ್ಲವೆಂದು ಅಲೋಪಿ ಪರ್ಷಾದ್ ಪ್ರಕರಣದಲ್ಲಿ 1960ರಲ್ಲಿ ಸ್ಪಷ್ಟಪಡಿಸಿತು. ನಾಲ್ಕು ಅಡಿ ಹೆಚ್ಚು ಅಗೆಯುವುದು ಕಷ್ಟ, ಅಸಾಧ್ಯವಲ್ಲ. ಪುಕ್ಕಟೆಯೆಂದು ಎಣಿಸದೆ ಮಾಡಿದ ಕೆಲಸದ ಲಾಭವನ್ನು ಇನ್ನೊಬ್ಬರು ಉಂಡರೆ ಪರಿಹಾರ ಕೊಡಬೇಕೆನ್ನುವ 70ನೆಯ ಕಲಮು ಉಂಟಾದರೂ, ಆ ಕೆಲಸ ಕರಾರಿನೊಳಗೇ ಸೇರಿದ್ದರೆ ಅದರ ಆಸರೆ ಸಿಗುವುದು ಕಷ್ಟ.

ಈ ಕೊರತೆಯನ್ನು ಕಂಡೇ ಲೋಕದಲ್ಲಿ ಕರಾರುಗಳ ಧಾಟಿ ಬದಲಾಯಿತು. ಅಮೆರಿಕದ ಸರಕಾರವು 1920ರ ದಶಕದಲ್ಲಿಯೇ ನೆಲ ಬೇರೆಯಾಗಿ ಕಂಡರೆ ದರ ಬದಲಿಸುವ ಕಲಮನ್ನು ತನ್ನ ಗುತ್ತಿಗೆಗಳಲ್ಲಿ ಸೇರಿಸಿತು. ಉದ್ದೇಶ ಗುತ್ತಿಗೆದಾರರ ಮೇಲಣ ಕರುಣೆಯಲ್ಲ. ಅವರು ಭಯದಿಂದ ದರ ಏರಿಸುವುದನ್ನು ತಪ್ಪಿಸುವುದು. ಫಿಡಿಕ್ ಎಂದು ಹೆಸರಾದ ಸಮಾಲೋಚಕ ಇಂಜಿನಿಯರರ ಅಂತಾರಾಷ್ಟ್ರೀಯ ಒಕ್ಕೂಟವು 1957ರಲ್ಲಿ ತಂದ ಮಾದರಿ ಕರಾರಿನ ಪರಂಪರೆಯಲ್ಲಿ, ಅನುಭವಿಯಾದ ಗುತ್ತಿಗೆದಾರನು ಟೆಂಡರಿನ ಕಾಲಕ್ಕೆ ಊಹಿಸಲಾಗದಿದ್ದ ಭೂಸ್ಥಿತಿ ಎದುರಾದರೆ ಅವಧಿಯನ್ನೂ ವೆಚ್ಚವನ್ನೂ ಕೊಡಬೇಕೆಂಬ ನಿಯಮ ನೆಲೆಯೂರಿತು. 2019ರಲ್ಲಿ ಸುರಂಗ ಮುಂತಾದ ನೆಲದಡಿಯ ಕೆಲಸಗಳಿಗೆ ಪ್ರತ್ಯೇಕ ಮಾದರಿಯೇ ಬಂದಿತು. ಅದರಲ್ಲಿ ಎಂತಹ ನೆಲವನ್ನು ನಿರೀಕ್ಷಿಸಲಾಗಿದೆ ಎಂಬ ಹೇಳಿಕೆ ಕರಾರಿನ ಅಂಗವಾಗಿರುತ್ತದೆ.

ಆದರೆ ಈ ನಿಯಮದ ಮರೆಯಲ್ಲಿ ಅಜಾಗರೂಕತೆಗೆ ಎಡೆಯಿಲ್ಲ. ಜಿಬ್ರಾಲ್ಟರಿನ ವಿಮಾನನಿಲ್ದಾಣದ ಸುರಂಗರಸ್ತೆಯ ಗುತ್ತಿಗೆದಾರರು ಕಲುಷಿತ ಮಣ್ಣು ಅತಿಯಾಗಿ ಸಿಕ್ಕಿತೆಂದು ವಾದಿಸಿದಾಗ, ಸೈನ್ಯದ ಬಳಕೆಯಲ್ಲಿದ್ದ ಆ ನೆಲದ ಚರಿತ್ರೆಯನ್ನು ನೋಡಿಯೇ ಅನುಭವಿಯು ಅದನ್ನು ಊಹಿಸಬಹುದಿತ್ತೆಂದು 2014ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಹೇಳಿತು. ವಿಜಯಪುರದ ಕೋಟೆಯೊಳಗೆ ಪಾಯ ತೋಡುವವರು ಹಳೆಯ ಗೋಡೆ ಸಿಕ್ಕಿತೆಂದು ಅಚ್ಚರಿಪಟ್ಟರೆ ಅದೇ ಉತ್ತರ ಸಿಕ್ಕೀತು. ಡೋಣಿಯ ದಂಡೆಯಲ್ಲಿ ಎರೆ ಸಿಕ್ಕಿತೆಂಬುದೂ ಅಚ್ಚರಿಯಲ್ಲ. ಅದು ಎಷ್ಟು ಆಳವೆಂಬುದಷ್ಟೇ ಅಚ್ಚರಿಯಾಗಬಹುದು.

ಎರಡು ತಪ್ಪು ದಾರಿಗಳು

ಸಮಿತಿಗಳು ಸಾಮಾನ್ಯವಾಗಿ ಹಿಡಿಯುವ ತಪ್ಪು ದಾರಿಗಳು ಎರಡು. ನೆಲ ಹೇಗೇ ಇರಲಿ, ಸ್ಥಳ ನೋಡಿ ಒಪ್ಪಿರುವುದರಿಂದ ಎಲ್ಲ ಹೊಣೆ ಗುತ್ತಿಗೆದಾರನದೆಂದು ಒಂದು ಸಾಲು ಬರೆದು ನಿಶ್ಚಿಂತರಾಗುವುದು ಮೊದಲನೆಯದು. ಮೇಲ್ನೋಟಕ್ಕೆ ಇದು ಸಂಸ್ಥೆಯ ಹಣವನ್ನು ಕಾಯುವ ಬೇಲಿಯೆಂದು ತೋರುತ್ತದೆ. ವಿಚಾರ ಮಾಡಿದರೆ ಹಾಗಲ್ಲ. ಅನುಭವಿಯಾದ ಗುತ್ತಿಗೆದಾರನು ಆ ಸಾಲನ್ನು ಓದಿ ಆಪತ್ತಿಗೆಂದು ದರವನ್ನು ಏರಿಸಿ ಬರೆಯುತ್ತಾನೆ. ಆಪತ್ತು ಬಾರದಿದ್ದರೂ ಸಂಸ್ಥೆ ಆ ಹಣ ತೆತ್ತಂತೆಯೇ. ಅನುಭವವಿಲ್ಲದವನು ಕಡಿಮೆ ದರ ಬರೆದು ಗುತ್ತಿಗೆ ಪಡೆಯುತ್ತಾನೆ. ಆಪತ್ತು ಬಂದಾಗ ಅವನಿಗಿರುವ ದಾರಿಗಳು ಎರಡೇ: ಕೆಲಸ ಬಿಟ್ಟು ಹೋಗುವುದು, ಇಲ್ಲವೆ ಕಾಣದ ಕಡೆ ಕಳೆಯುವುದು. ಒಂಬತ್ತು ಅಡಿ ಹೋಗಬೇಕಾದ ಪಾಯ ಆರು ಅಡಿಗೆ ನಿಲ್ಲುತ್ತದೆ, ಸಿಮೆಂಟಿನ ಪಾಲು ಇಳಿಯುತ್ತದೆ. ಮಣ್ಣು ಮುಚ್ಚಿದ ಮೇಲೆ ಕೇಳುವವರಾರು? ಆ ಕೊಠಡಿಯಲ್ಲಿ ಕೂಡುವವರು ಮಕ್ಕಳು ಎಂಬುದನ್ನು ಮರೆಯಬಾರದು.

ಕೇಳಿದಷ್ಟು ಹಣವನ್ನು ಬಾಯಿಮಾತಿನ ಮೇಲೆ ಕೊಡುತ್ತ ಹೋಗುವುದು ಎರಡನೆಯ ತಪ್ಪು. ಗರಸನ್ನು ಬಂಡೆಯೆಂದು ಬರೆದು ಬಂಡೆಯ ದರ ಪಡೆಯುವ ಚಾಳಿ ಗುತ್ತಿಗೆಯ ಲೋಕದಲ್ಲಿ ಹೊಸದಲ್ಲ. ಅಳತೆಯಿಲ್ಲದೆ ಕೊಟ್ಟ ಹಣಕ್ಕೆ ದಾನಿಗಳೆದುರು ಲೆಕ್ಕ ಒಪ್ಪಿಸಲು ಬಾರದು. ಪ್ರಾಮಾಣಿಕರಾದ ಪದಾಧಿಕಾರಿಗಳ ಮೇಲೂ ಸಂಶಯದ ನೆರಳು ಬೀಳುತ್ತದೆ.

ಇವೆರಡರ ನಡುವಣ ದಾರಿಯೇ ಶ್ರೇಯಸ್ಕರ. ಮೊದಲೇ ತಿಳಿಯಬಹುದಾದುದನ್ನು ತಿಳಿದುಕೊಳ್ಳುವ ಹೊಣೆ ಕಟ್ಟಿಸುವವರದು. ತಿಳಿದುದನ್ನು ಓದಿ ವಿವೇಕದಿಂದ ದರ ಹೇಳುವ ಹೊಣೆ ಗುತ್ತಿಗೆದಾರನದು. ಇಬ್ಬರಿಗೂ ತಿಳಿಯಲು ಸಾಧ್ಯವಿಲ್ಲದಿದ್ದುದು ಎದುರಾದರೆ ಅದರ ಬೆಲೆ ನೆಲದ ಒಡೆಯನದು, ಏಕೆಂದರೆ ಆ ನೆಲವೂ ಅದರ ಮೇಲಣ ಕಟ್ಟಡವೂ ಕೊನೆಗೆ ಉಳಿಯುವುದು ಅವನಿಗೇ.

ಕರಾರಿನಲ್ಲಿ ಬರೆದಿಡಬೇಕಾದುದು

ಖಾಸಗಿ ಸಂಸ್ಥೆಗೆ ತನ್ನ ಕರಾರನ್ನು ತಾನೇ ರಚಿಸಿಕೊಳ್ಳುವ ಸ್ವಾತಂತ್ರ್ಯ ಸಾಕಷ್ಟುಂಟು. ಅದನ್ನು ಬಳಸುವ ಕ್ರಮ ಹೀಗಿರಬೇಕು.

ಮೊದಲನೆಯದಾಗಿ, ಟೆಂಡರು ಕರೆಯುವ ಮುಂಚೆ ನೆಲದ ಪರೀಕ್ಷೆ. ಕಟ್ಟಡದ ನಾಲ್ಕು ಮೂಲೆಗಳಲ್ಲಿಯೂ ನಡುವಿನಲ್ಲಿಯೂ ಕುಣಿ ತೋಡಿಸಿ, ಅವಶ್ಯವಿದ್ದಲ್ಲಿ ಕೊರೆದು ನೋಡಿಸಿ, ಪದರಗಳ ಆಳವನ್ನು ಬರೆಸಬೇಕು. ಸುತ್ತಲಿನ ಬಾವಿಗಳನ್ನು ನೋಡುವುದಕ್ಕೂ ಊರ ಹಿರಿಯರನ್ನೂ ಬಾವಿ ತೋಡಿದವರನ್ನೂ ವಿಚಾರಿಸುವುದಕ್ಕೂ ಖರ್ಚಿಲ್ಲ. ಮಣ್ಣಿನ ಉಬ್ಬುವಿಕೆಯ ಪರೀಕ್ಷೆ ಎಷ್ಟು ಸರಳವೆಂದರೆ, ಶಾಲೆಯ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳೂ ಅದರ ತತ್ತ್ವವನ್ನು ನೋಡಬಹುದು. ಒಣಗಿಸಿ ಜರಡಿಯಾಡಿದ ಮಣ್ಣನ್ನು ಹತ್ತು ಹತ್ತು ಗ್ರಾಮಿನಂತೆ ಎರಡು ಅಳತೆಯ ಗಾಜುಗಳಲ್ಲಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ಸುರಿದು ಒಂದು ದಿನ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಎಷ್ಟು ಹೆಚ್ಚು ಉಬ್ಬಿತೆಂಬುದನ್ನು ಶೇಕಡಾವಾರು ಲೆಕ್ಕ ಹಾಕಬೇಕು. ಅದು 50ಕ್ಕಿಂತ ಕಡಿಮೆಯಾದರೆ ಭಯ ಅಲ್ಪ, 100ನ್ನು ದಾಟಿದರೆ ಅಧಿಕ. ಕರಾರಿಗೆ ಮಾತ್ರ ಮಾನ್ಯತೆಯುಳ್ಳ ಪ್ರಯೋಗಾಲಯದ ವರದಿಯೇ ಬೇಕು.

ಎರಡನೆಯದಾಗಿ, ಆ ವರದಿಯನ್ನು ಬಚ್ಚಿಡದೆ ಟೆಂಡರಿಗೆ ಲಗತ್ತಿಸಬೇಕು. ಇಷ್ಟು ಆಳಕ್ಕೆ ಇಂಥ ಪದರ ಸಿಗುವುದೆಂದು ಎಣಿಸಲಾಗಿದೆ ಎಂಬ ಹೇಳಿಕೆ ಕರಾರಿನ ಅಂಗವಾಗಬೇಕು. ಎಣಿಕೆಯೇ ಬರೆದಿರದಿದ್ದರೆ ಅನಿರೀಕ್ಷಿತವೆಂಬ ಮಾತಿಗೆ ಅರ್ಥವೇ ಇರುವುದಿಲ್ಲ.

ಮೂರನೆಯದಾಗಿ, ಪೀಠದ ಮೇಲಣ ಕೆಲಸಕ್ಕೆ ಇಡಿಮೊತ್ತ ಗೊತ್ತುಮಾಡಿದರೂ ಪೀಠದ ಕೆಳಗಿನ ಕೆಲಸಕ್ಕೆ ಬಾಬುವಾರು ದರವೇ ಇರಬೇಕು. ಎರೆ, ಗರಸು, ಮೆದುಗಲ್ಲು, ಗಟ್ಟಿಬಂಡೆ ಇವುಗಳ ಅಗೆತಕ್ಕೆ, ಆಳದ ಹಂತಕ್ಕೆ ತಕ್ಕಂತೆ ಬೇರೆ ಬೇರೆ ದರವನ್ನು ಟೆಂಡರಿನಲ್ಲಿಯೇ ಕೇಳಬೇಕು. ಪೈಪೋಟಿಯ ಕಾಲದಲ್ಲಿ ಬರೆದ ದರ ನ್ಯಾಯವಾಗಿರುತ್ತದೆ. ಕುಣಿ ತೋಡಿ ನಿಂತ ಮೇಲೆ ಕೇಳಿದ ದರ ಹಾಗಿರುವುದಿಲ್ಲ. ನೆಲ ಎಣಿಸಿದ್ದಕ್ಕಿಂತ ಒಳ್ಳೆಯದಾಗಿ ಸಿಕ್ಕರೆ ಉಳಿತಾಯ ಸಂಸ್ಥೆಗೆ ಸೇರತಕ್ಕದ್ದೆಂಬುದನ್ನೂ ಬರೆಯಬೇಕು. ನ್ಯಾಯದ ತಕ್ಕಡಿಗೆ ಎರಡು ತಟ್ಟೆ.

ನಾಲ್ಕನೆಯದಾಗಿ, ಸೂಚನೆಯ ನಿಯಮ. ನೆಲ ಬೇರೆಯಾಗಿ ಕಂಡ ದಿನವೇ ಆ ಭಾಗದ ಕೆಲಸ ನಿಲ್ಲಿಸಿ, ಗೊತ್ತಾದ ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಸಂಸ್ಥೆಯ ಇಂಜಿನಿಯರು ಬಂದು ನೋಡುವವರೆಗೆ ಮುಚ್ಚಬಾರದು. ಇಂಜಿನಿಯರು ಬಾರದೆ ತಡಮಾಡಿದರೆ ಆ ತಡದ ಹೊಣೆ ಸಂಸ್ಥೆಯದು. ಸೂಚನೆ ಕೊಡದೆ ಮುಚ್ಚಿದ ಕೆಲಸಕ್ಕೆ ಹೆಚ್ಚಿನ ಹಣವಿಲ್ಲ.

ಐದನೆಯದಾಗಿ, ಕೂಡಿ ಮಾಡಿದ ಅಳತೆ. ಅಗೆಯದೆ ಅಲ್ಲಲ್ಲಿ ಬಿಟ್ಟ ಮಣ್ಣಿನ ಗುರುತುಗಳಿಂದ ಆಳವನ್ನು ಅಳೆದು, ಒಡೆದ ಕಲ್ಲನ್ನು ಬೇರೆ ರಾಶಿ ಹಾಕಿಸಿ, ಸಂದುಗಳಿಗೆಂದು ತಕ್ಕ ಪಾಲು ಕಳೆದು, ಅಳತೆಯ ಪುಸ್ತಕದಲ್ಲಿ ಇಬ್ಬರೂ ಅಂದೇ ರುಜು ಹಾಕಬೇಕು. ಅಳತೆಪಟ್ಟಿಯನ್ನಿಟ್ಟು ತೆಗೆದ ಛಾಯಾಚಿತ್ರ, ಪ್ರತಿಯೊಂದು ಪದರದ ಹಿಡಿ ಮಣ್ಣು, ಇವೂ ಸಾಕ್ಷಿಗಳು.

ಆರನೆಯದಾಗಿ, ಹಣ ಮತ್ತು ಅವಧಿಗಳನ್ನು ಬೇರೆ ಬೇರೆಯಾಗಿ ವಿಚಾರಿಸಬೇಕು. ಹೆಚ್ಚಿನ ಹಣಕ್ಕೆ ಅರ್ಹವಲ್ಲದ ಸಂದರ್ಭದಲ್ಲಿಯೂ ಹೆಚ್ಚಿನ ದಿನಗಳಿಗೆ ಅರ್ಹತೆ ಇರಬಹುದು. ಭಿನ್ನಾಭಿಪ್ರಾಯ ಬಂದರೆ ತೀರ್ಮಾನಿಸುವ ತಜ್ಞರೊಬ್ಬರನ್ನು ಇಬ್ಬರ ಒಪ್ಪಿಗೆಯಿಂದ ಮೊದಲೇ ಹೆಸರಿಸಬೇಕು. ಸಮಿತಿಯ ಅಧ್ಯಕ್ಷರೇ ತೀರ್ಪುಗಾರರಾಗುವುದು ಉಚಿತವಲ್ಲ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬುದು ಲೋಕಸಮ್ಮತವಾದ ನೀತಿ.

ಕೊನೆಯದಾಗಿ, ಆಪತ್ತಿನ ನಿಧಿ. ಸಂಗ್ರಹವಾದ ದೇಣಿಗೆಯನ್ನೆಲ್ಲ ಕಾಣುವ ಕಟ್ಟಡಕ್ಕೆ ಹಂಚದೆ, ಪಾಯದ ಅನಿಶ್ಚಯಕ್ಕೆಂದು ಒಂದು ಪಾಲನ್ನು ಎತ್ತಿಡಬೇಕು. ವರದಿಯಲ್ಲಿ ಸಂಶಯ ಹೆಚ್ಚಿದ್ದಷ್ಟೂ ಆ ಪಾಲು ಹೆಚ್ಚಿರಬೇಕು. ಉಳಿದರೆ ಗ್ರಂಥಾಲಯಕ್ಕೆ ಆದೀತು.

ಉಪಸಂಹಾರ

ಕೊಠಡಿಗೆ ಹೆಸರಿಡಲು ದಾನಿಗಳು ಮುಂದೆ ಬರುತ್ತಾರೆ, ಬಾಗಿಲಿಗೆ, ಬಾವಿಗೆ, ಗಡಿಯಾರಕ್ಕೆ ಕೂಡ ಬರುತ್ತಾರೆ. ಮಣ್ಣಿನ ಪರೀಕ್ಷೆಗೆಂದು ಹಣ ಕೊಟ್ಟು ಫಲಕ ಹಾಕಿಸಿಕೊಂಡವರು ಇಲ್ಲ. ಆದರೆ ಎಲ್ಲಕ್ಕೂ ಮೊದಲು ಸಲ್ಲಬೇಕಾದ ದಾನ ಅದೇ. ಅಂದಾಜು ಪತ್ರಿಕೆಯನ್ನು ಸಮಿತಿಯ ಮುಂದೆ ಇಟ್ಟಾಗ ದಾನಿಗಳಾಗಲಿ ಹಳೆಯ ವಿದ್ಯಾರ್ಥಿಗಳಾಗಲಿ ಎರಡು ಪ್ರಶ್ನೆಗಳನ್ನು ಕೇಳಿದರೆ ಸಾಕು: ನೆಲವನ್ನು ನೋಡಿದಿರಾ? ನೋಡಿದಂತೆ ಇರದಿದ್ದರೆ ಏನೆಂದು ಬರೆದಿದ್ದೀರಿ? ಇವೆರಡಕ್ಕೂ ಲಿಖಿತವಾದ ಉತ್ತರವಿದ್ದ ಸಂಸ್ಥೆಯಲ್ಲಿ ಗುತ್ತಿಗೆದಾರನಿಗೆ ಅನ್ಯಾಯವಾಗದು, ದಾನಿಯ ಹಣ ಪೋಲಾಗದು, ಗೋಡೆ ಬಿರಿಯದು. ಕಾಣುವ ಗೋಪುರಕ್ಕಿಂತ ಕಾಣದ ಪಾಯವನ್ನು ಹೆಚ್ಚು ಗೌರವಿಸುವ ವಿವೇಕವು ವಿದ್ಯಾಮಂದಿರಗಳನ್ನು ಕಟ್ಟುವ ಎಲ್ಲರಲ್ಲಿಯೂ ನೆಲೆಗೊಳ್ಳಲಿ.